ಅಳು ನಿಂತರೆ ಆಯಿತೇ?

ಚಿಕ್ಕ ಮಕ್ಕಳನ್ನು ಹೊಗಳುವಾಗ ನಮ್ಮ ಬಾಯಲ್ಲಿ ಬರುವ ಮಾತುಗಳನ್ನು ಗಮನಿಸಿದ್ದೀರಾ? 'ಎಷ್ಟು ಒಳ್ಳೇ ಮಗು, ಒಂಚೂರೂ ಹಟ ಇಲ್ಲ.' 'ಕೂರಿಸಿದ ಕಡೆ ಕೂತಿರುತ್ತೆ ನೋಡಿ.' 'ಮನೇಲಿ ಮಗು ಇದೆ ಅಂತಾನೇ ಗೊತ್ತಾಗಲ್ಲ.' ಕೇಳಲು ಹಿತವಾಗಿಯೇ ಇರುತ್ತದೆ. ಆದರೆ ಈ ಮಾತುಗಳಲ್ಲಿ ಮಗು ಹೇಗಿದೆ ಅನ್ನುವ ಸುದ್ದಿಯೇ ಇಲ್ಲ. ಅದರಿಂದ ನಮಗೇನೂ ತೊಂದರೆ ಆಗುತ್ತಿಲ್ಲ ಅನ್ನುವುದಷ್ಟೇ ಇದೆ.

ಹಾಗಾಗಿಯೇ ಮಗು ಅತ್ತ ಕೂಡಲೇ ಅಳು ನಿಲ್ಲಿಸುವುದು ನಮ್ಮ ಮೊದಲ ಕೆಲಸ ಆಗಿಬಿಡುತ್ತದೆ. ಕೈಗೆ ಫೋನ್ ಕೊಡುತ್ತೇವೆ. ಕಿಟಕಿಯ ಆಚೆ ಹಕ್ಕಿ ತೋರಿಸುತ್ತೇವೆ. 'ಏನೂ ಆಗಿಲ್ಲ ಬಿಡು' ಅನ್ನುತ್ತೇವೆ. ಅದಕ್ಕೂ ಬಗ್ಗದಿದ್ದರೆ ಗದರುತ್ತೇವೆ. ಅಳುವೇನೋ ನಿಲ್ಲುತ್ತದೆ. ನನ್ನ ತಕರಾರು ಇರುವುದು ಇಲ್ಲೇ. ಅಳು ನಿಂತಿತು ಅಂದ ಮಾತ್ರಕ್ಕೆ ಒಳಗಿನ ಸಂಕಟ ಕಡಿಮೆ ಆಯಿತು ಅಂತ ಹೇಳಲು ಬರುವುದಿಲ್ಲ. ಎಷ್ಟೋ ಸಲ ಮಗು ಕಲಿತಿರುವುದು ಇಷ್ಟೇ: ಇವರ ಮುಂದೆ ಅತ್ತು ಪ್ರಯೋಜನ ಇಲ್ಲ.

ಈ ವಿಷಯವನ್ನು ದೊಡ್ಡವರು ಕಲಿಯಲು ಬಹಳ ಕಾಲ ಹಿಡಿಯಿತು. 1940ರ ದಶಕದ ಲಂಡನ್ನಿನ ಆಸ್ಪತ್ರೆಗಳನ್ನೇ ನೋಡಿ. ಮಗುವನ್ನು ದಾಖಲು ಮಾಡಿದರೆ ಅಪ್ಪ ಅಮ್ಮ ಮನೆಗೆ ಹೋಗಬೇಕಿತ್ತು. ಅನೇಕ ಕಡೆ ವಾರಕ್ಕೊಮ್ಮೆ, ಅದೂ ಒಂದೆರಡು ಗಂಟೆ ಮಾತ್ರ ಬಂದು ನೋಡಬಹುದಿತ್ತು. ಕ್ರೂರಿಗಳಾಗಿ ಯಾರೂ ಹಾಗೆ ಮಾಡಲಿಲ್ಲ. ಅಮ್ಮ ಬಂದು ಹೋದ ಮೇಲೆ ಮಕ್ಕಳು ಜಾಸ್ತಿ ಅಳುತ್ತಿದ್ದವು. ಬರದೇ ಇದ್ದರೆ ಕೆಲವು ದಿನಗಳಲ್ಲಿ ಸುಮ್ಮನಾಗುತ್ತಿದ್ದವು. 'ಹೊಂದಿಕೊಂಡಿದೆ' ಅಂತ ನರ್ಸುಗಳು ಸಮಾಧಾನಪಡುತ್ತಿದ್ದರು.

ಅಲ್ಲಿಗೆ ಜೇಮ್ಸ್ ರಾಬರ್ಟ್‌ಸನ್ ಎಂಬಾತ ಬಂದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಆನಾ ಫ್ರಾಯ್ಡ್ ಎಂಬ ಮಕ್ಕಳ ಮನೋವಿಶ್ಲೇಷಕಿ ನಡೆಸುತ್ತಿದ್ದ ಶಿಶುವಿಹಾರದಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಅಲ್ಲಿ ಒಂದು ನಿಯಮ ಇತ್ತು. ಯಾವ ಕೆಲಸದವರೇ ಆಗಲಿ, ಮಕ್ಕಳಲ್ಲಿ ಕಂಡದ್ದನ್ನು ಚೀಟಿಯಲ್ಲಿ ಬರೆದಿಡಬೇಕು. ಬಾಯ್ಲರಿನವರೂ ಬರೆದರು. ಹೀಗೆ ನೋಡುವುದು ರೂಢಿಯಾದ ಮನುಷ್ಯ 1948ರಿಂದ ಜಾನ್ ಬೌಲ್ಬಿ ಎಂಬ ಮನೋವೈದ್ಯರ ಜೊತೆ ಸೇರಿ ಆಸ್ಪತ್ರೆಯ ಮಕ್ಕಳನ್ನು ಗಮನಿಸತೊಡಗಿದರು. ಅವರಿಗೆ ಮೂರು ಹಂತ ಕಾಣಿಸಿತು. ಮೊದಲು ಮಗು ರಂಪ ಮಾಡುತ್ತದೆ, ಬಾಗಿಲ ಕಡೆಯೇ ನೋಡುತ್ತದೆ. ಆಮೇಲೆ ಸೋತು ಮುದುಡಿಕೊಳ್ಳುತ್ತದೆ. ಕೊನೆಗೆ ಯಾರು ಬಂದರೂ ನಗುತ್ತದೆ, ಆಟಿಕೆ ಕೊಟ್ಟರೆ ಇಸಿದುಕೊಳ್ಳುತ್ತದೆ, ಅಮ್ಮ ಬಂದರೆ ಮಾತ್ರ ಗುರುತೇ ಇಲ್ಲದವರ ಹಾಗೆ ಮುಖ ತಿರುಗಿಸುತ್ತದೆ. ಆಸ್ಪತ್ರೆಯವರು 'ಸರಿಹೋಯಿತು' ಅಂದುಕೊಂಡದ್ದು ಈ ಮೂರನೇ ಹಂತವನ್ನು. ಎಲ್ಲಕ್ಕಿಂತ ಹೆಚ್ಚು ಕಳವಳಪಡಬೇಕಾದದ್ದೂ ಅದೇ ಆಗಿತ್ತು.

ರಾಬರ್ಟ್‌ಸನ್ ಬಾಯಿಮಾತಲ್ಲಿ ಹೇಳಿದ್ದನ್ನು ಯಾರೂ ನಂಬಲಿಲ್ಲ. ಆಗ ಒಂದು ಕ್ಯಾಮೆರಾ ತೆಗೆದುಕೊಂಡು, ಸಣ್ಣ ಶಸ್ತ್ರಚಿಕಿತ್ಸೆಗೆ ಬಂದಿದ್ದ ಎರಡೂವರೆ ವರ್ಷ ತುಂಬದ ಹುಡುಗಿಯೊಬ್ಬಳನ್ನು ಅವಳು ಆಸ್ಪತ್ರೆಯಲ್ಲಿದ್ದ ದಿನಗಳ ಉದ್ದಕ್ಕೂ ಚಿತ್ರಿಸಿದರು. ಅವಳು ಜಾಸ್ತಿ ಅಳುವುದೇ ಇಲ್ಲ. ಅಳು ನುಂಗಿಕೊಳ್ಳುವುದು ಮುಖದಲ್ಲಿ ಕಾಣುತ್ತದೆ. 1952ರಲ್ಲಿ ವೈದ್ಯರ ಸಭೆಯಲ್ಲಿ ತೋರಿಸಿದಾಗ ಅನೇಕರು ಸಿಟ್ಟಾದರು, ಇದು ಆಸ್ಪತ್ರೆಗಳಿಗೆ ಅವಮಾನ ಅಂದರು. ಆದರೂ ನಿಧಾನವಾಗಿ ಗಾಳಿ ಬದಲಾಯಿತು. 1959ರಲ್ಲಿ ಬ್ರಿಟನ್ನಿನ ಸರ್ಕಾರಿ ಸಮಿತಿಯೊಂದು, ಪ್ಲಾಟ್ ವರದಿ ಅಂತ ಅದಕ್ಕೆ ಹೆಸರು, ಮಕ್ಕಳನ್ನು ನೋಡಲು ಅಪ್ಪ ಅಮ್ಮನಿಗೆ ಯಾವ ನಿರ್ಬಂಧವೂ ಇರಬಾರದು ಎಂದು ಹೇಳಿತು. ಇವತ್ತು ಮಕ್ಕಳ ವಾರ್ಡಿನಲ್ಲಿ ತಾಯಿ ಮಗುವಿನ ಪಕ್ಕದಲ್ಲೇ ಮಲಗಿರುವುದನ್ನು ನೋಡಿದಾಗೆಲ್ಲ ನನಗೆ ಆ ಬಾಯ್ಲರಿನವರು ನೆನಪಾಗುತ್ತಾರೆ.

ಬೌಲ್ಬಿಯವರ ಜೊತೆ ಕೆಲಸ ಮಾಡಿದ್ದ ಮೇರಿ ಏನ್ಸ್‌ವರ್ತ್ ಮುಂದೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಇನ್ನೊಂದು ಪ್ರಯೋಗ ಮಾಡಿದರು. ಸುಮಾರು ಒಂದು ವರ್ಷದ ಮಗು, ಹೊಸ ಕೋಣೆ, ಒಂದಷ್ಟು ಆಟಿಕೆ. ಅಮ್ಮ ಸ್ವಲ್ಪ ಹೊತ್ತು ಹೊರಗೆ ಹೋಗಿ ಬರಬೇಕು. ಅಮ್ಮ ಹೋದಾಗ ಏನಾಯಿತು ಅನ್ನುವುದಕ್ಕಿಂತ ಅಮ್ಮ ಬಂದಾಗ ಏನಾಯಿತು ಅನ್ನುವುದನ್ನು ಅವರು ಹೆಚ್ಚು ನೋಡಿದರು. ಬಹಳಷ್ಟು ಮಕ್ಕಳು ಅತ್ತು, ಅಮ್ಮ ಬಂದ ತಕ್ಷಣ ಓಡಿ ಹೋಗಿ ತಬ್ಬಿಕೊಂಡು, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಆಟಕ್ಕೆ ಇಳಿದವು. ಕೆಲವು ಮಕ್ಕಳು ಅಮ್ಮ ಹೋದರೂ ಬಂದರೂ ತಲೆ ಎತ್ತಲಿಲ್ಲ, ತಮ್ಮ ಪಾಡಿಗೆ ಆಡುತ್ತಲೇ ಇದ್ದವು. ನೋಡಿದವರು ಯಾರೇ ಆಗಲಿ, ಈ ಎರಡನೇ ಗುಂಪೇ ಗಟ್ಟಿ ಅನ್ನುತ್ತಾರೆ. ಆದರೆ 1977ರಲ್ಲಿ ಇಬ್ಬರು ಸಂಶೋಧಕರು ಅಂಥ ಮಕ್ಕಳ ಎದೆಬಡಿತ ಅಳೆದು ನೋಡಿದಾಗ ಅದು ಅಳುವ ಮಕ್ಕಳದ್ದರಂತೆಯೇ ಏರಿತ್ತು. ಕೈ ಆಟಿಕೆಯ ಮೇಲೆ, ಎದೆ ಡವಡವ. ಹನ್ನೆರಡು ತಿಂಗಳಿಗೇ ಅವು ಮುಚ್ಚಿಟ್ಟುಕೊಳ್ಳುವುದನ್ನು ಕಲಿತಿದ್ದವು.

ಇದನ್ನು ಓದಿ ಯಾರೂ ತಮ್ಮ ಮಗುವಿಗೆ ಹಣೆಪಟ್ಟಿ ಅಂಟಿಸಬೇಡಿ ದಯವಿಟ್ಟು. ಕೆಲವು ಮಕ್ಕಳು ಹುಟ್ಟಿನಿಂದಲೇ ಸೌಮ್ಯ ಸ್ವಭಾವದವು. ಮೇಲಿನದ್ದು ಕಾಯಿಲೆಯ ಪಟ್ಟಿಯೂ ಅಲ್ಲ. ಮಗುವಿನ ಮುಖ ಮಾತ್ರ ನೋಡಿ ಎಲ್ಲ ಗೊತ್ತಾಯಿತು ಅಂದುಕೊಳ್ಳಬಾರದು ಅಂತ ಇಷ್ಟು ಹೇಳಿದೆ.

ಹಾಗಾದರೆ ಅಳುವ ಮಗುವಿನ ಮುಂದೆ ಏನು ಮಾಡಬೇಕು? ಒಂದು ಪ್ರಸಂಗ ಹೇಳುತ್ತೇನೆ. ನನ್ನ ಮಗಳಿಗೆ ಆಗ ನಾಲ್ಕು ವರ್ಷ ಇರಬೇಕು. ಲಿಫ್ಟಿನ ಬಟನ್ ಒತ್ತುವುದು ಅವಳ ಪಾಲಿನ ಕೆಲಸ. ಒಂದು ಸಂಜೆ ಅವಳು ಓಡಿ ಬರುವಷ್ಟರಲ್ಲಿ ಪಕ್ಕದಲ್ಲಿದ್ದವರು ಒತ್ತಿಬಿಟ್ಟರು. ಇವಳು ಅಲ್ಲೇ ನೆಲದ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಪಾಪ, ಅವರು ಗಾಬರಿಯಾಗಿ 'ಇನ್ನೊಂದ್ಸಲ ಒತ್ತಮ್ಮಾ' ಅಂದರು. ಇವಳಿಗೆ ಅದು ಬೇಡ. ದೀಪ ಆಗಲೇ ಹತ್ತಿತ್ತಲ್ಲ. ಉರಿಯುತ್ತಿರುವ ಬಟನ್ ಒತ್ತಿದರೆ ಏನು ಬಂತು?

ನಾನು ಲಿಫ್ಟ್ ಬಿಟ್ಟು ಅವಳ ಪಕ್ಕ ಮೆಟ್ಟಿಲ ಮೇಲೆ ಕೂತೆ. 'ನೀನೇ ಒತ್ತಬೇಕು ಅಂತ ಓಡಿ ಬಂದೆ. ಅಷ್ಟರಲ್ಲಿ ಅವರು ಒತ್ತಿಬಿಟ್ಟರು' ಅಂದೆ. ಬಿಕ್ಕುತ್ತಲೇ ತಲೆ ಆಡಿಸಿದಳು. 'ನಂದೇ ಕೆಲಸ ಅದು' ಅಂದಳು. 'ಹೌದು, ದಿನಾ ನೀನೇ ಒತ್ತೋದು' ಅಂದೆ. ಇನ್ನೊಂದು ಜೋರು ಅಳು ಬಂತು. ನಾನು ಏನೂ ಹೇಳಲಿಲ್ಲ, ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಮೂಗು ನನ್ನ ತೋಳಿಗೆ ಒರೆಸಿಕೊಂಡಳು. ಆಮೇಲೆ ದೊಡ್ಡದೊಂದು ಉಸಿರು ಬಿಟ್ಟು, 'ಇಳಿಯುವಾಗ ನಾನು ಒತ್ತಲಾ?' ಅಂತ ಅವಳೇ ಕೇಳಿದಳು. ಬುದ್ಧಿ ಹೇಳುವ ಅಗತ್ಯವೇ ಬರಲಿಲ್ಲ.

ಬಟನ್ ಒಂದು ಕಾರಣವಾ ಅಂತ ನಮಗೆ ಅನ್ನಿಸಬಹುದು. ದಿನವಿಡೀ ಯಾವಾಗ ಏಳಬೇಕು, ಏನು ಹಾಕಿಕೊಳ್ಳಬೇಕು, ಎಲ್ಲಿಗೆ ಹೋಗಬೇಕು ಅಂತ ಎಲ್ಲವನ್ನೂ ಬೇರೆಯವರು ತೀರ್ಮಾನಿಸುವ ಬದುಕಿನಲ್ಲಿ ಅವಳ ಕೈಯಲ್ಲಿದ್ದ ಅಧಿಕಾರ ಅದೊಂದೇ. ಅದೂ ಹೋಯಿತು. ದೊಡ್ಡವರಿಗೆ ಆಫೀಸಿನಲ್ಲಿ ತಮ್ಮ ಕೆಲಸ ಬೇರೆಯವರು ಕಿತ್ತುಕೊಂಡರೆ ಎಷ್ಟು ಉರಿಯುತ್ತದೆ, ಅಲ್ವಾ?

ಸಿಟ್ಟನ್ನು ತಡೆಯುವ, ಯೋಚಿಸಿ ಹೆಜ್ಜೆ ಇಡುವ ಕೆಲಸ ಮಾಡುವ ಮೆದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತು ದಾಟಿ ಇನ್ನೂ ಕೆಲವು ವರ್ಷ ಬೇಕು. ನಾಲ್ಕು ವರ್ಷದ ಮಗು ರಂಪದ ನಡುವೆ ಇರುವಾಗ ಅದಕ್ಕೆ ನ್ಯಾಯ ಅನ್ಯಾಯ ವಿವರಿಸಿದರೆ ತಲೆಗೆ ಹೋಗುವುದಿಲ್ಲ. ಹತ್ತಿರ ಇರುವವರ ದನಿ, ಮುಖ, ಸ್ಪರ್ಶದಿಂದ ಅದರ ಮೈ ಮೊದಲು ತಣ್ಣಗಾಗಬೇಕು. ಮಾತು ಆಮೇಲೆ. ಅದಕ್ಕೇ ಮಗು ಕೂಗುತ್ತಿರುವಾಗ ನಾವೂ ಕೂಗಿದರೆ ಇಬ್ಬರದ್ದೂ ಏರುತ್ತದೆ.

'ಹೀಗೆ ಅಳಲು ಬಿಟ್ಟರೆ ತಲೆ ಮೇಲೆ ಕೂರುತ್ತವೆ' ಅಂತ ಹಿರಿಯರು ಹೇಳುವುದುಂಟು. ಆ ಚಿಂತೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಸಿಟ್ಟು ಬರುವುದಕ್ಕೂ ಸಿಟ್ಟಿನಲ್ಲಿ ಹೊಡೆಯುವುದಕ್ಕೂ ನಡುವೆ ಒಂದು ಗೆರೆ ಇದೆ, ಅದನ್ನು ಎಳೆಯಬೇಕಾದವರು ನಾವೇ. ತಮ್ಮನ ಮೇಲೆ ಸಿಟ್ಟು ಬಂದಿದೆ, ಸರಿ. ಎತ್ತಿದ ಕೈಯನ್ನು ಹಿಡಿದುಕೊಂಡು 'ಹೊಡೆಯೋಕೆ ಬಿಡಲ್ಲ' ಅಂತ ಗಟ್ಟಿಯಾಗಿ ಹೇಳಬೇಕು. 'ಸಿಟ್ಟು ಮಾಡ್ಕೋಬೇಡ' ಅನ್ನಬೇಕಾಗಿಲ್ಲ. 1960ರ ದಶಕದಲ್ಲಿ ಡಯಾನಾ ಬಾಮ್‌ರಿಂಡ್ ಎಂಬ ಮನಶ್ಶಾಸ್ತ್ರಜ್ಞೆ ಅನೇಕ ಮನೆಗಳನ್ನು ಅಧ್ಯಯನ ಮಾಡಿದಾಗ, ಬರೀ ಗದರುವ ಮನೆಗಿಂತ, ಏನು ಮಾಡಿದರೂ ನಡೆಯುವ ಮನೆಗಿಂತ, ಪ್ರೀತಿಯೂ ಇದ್ದು ಗೆರೆಯೂ ಇದ್ದು ಅದರ ಕಾರಣವನ್ನೂ ಹೇಳುವ ಮನೆಯ ಮಕ್ಕಳು ಹೆಚ್ಚು ಆತ್ಮವಿಶ್ವಾಸದಿಂದ ಇದ್ದದ್ದು ಕಂಡಿತು. ಹೊಡೆತದ ಬಗ್ಗೆ ನನ್ನ ಅಭಿಪ್ರಾಯ ಒಂದೇ: ಬೇಡ. ಸ್ವೀಡನ್ 1979ರಲ್ಲೇ ಅಪ್ಪ ಅಮ್ಮ ಮಕ್ಕಳಿಗೆ ಹೊಡೆಯುವುದನ್ನು ಕಾನೂನಿನಿಂದ ನಿಲ್ಲಿಸಿತು. ಅಂಥ ಕಾನೂನು ತಂದ ಮೊದಲ ದೇಶ ಅದು. ಹೊಡೆತ ಅಳುವನ್ನು ಬೇಗ ನಿಲ್ಲಿಸುತ್ತದೆ, ನಿಜ. ಆ ಬೇಗದಲ್ಲೇ ನನಗೆ ಭಯ.

ಇಷ್ಟೆಲ್ಲ ಓದಿದ ಮೇಲೆ ಸುಸ್ತಾದ ತಾಯಂದಿರು, ಅಪ್ಪಂದಿರು 'ಪ್ರತಿ ಸಲವೂ ಹೀಗೆ ಪಕ್ಕದಲ್ಲಿ ಕೂರೋಕಾಗುತ್ತಾ?' ಅಂತ ಕೇಳಬಹುದು. ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಇದು ನನಗೆ ಬಹಳ ಧೈರ್ಯ ಕೊಟ್ಟ ಸಂಗತಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞರು ಕೆಲವು ತಿಂಗಳ ಕೂಸುಗಳ ಜೊತೆ ಒಂದು ಪ್ರಯೋಗ ಮಾಡಿದರು. ಅಮ್ಮ ಮೊದಲು ಮಗುವಿನ ಜೊತೆ ನಗುತ್ತಾ ಮಾತಾಡುತ್ತಾಳೆ. ಆಮೇಲೆ ಸ್ವಲ್ಪ ಹೊತ್ತು ಮುಖದಲ್ಲಿ ಯಾವ ಭಾವನೆಯೂ ಇಲ್ಲದೆ ಸುಮ್ನೆ ನೋಡುತ್ತಾ ಕೂರಬೇಕು. ಕೂಸು ಮೊದಲು ನಗುತ್ತದೆ. ಕೈ ಚಾಚುತ್ತದೆ. ಏನೇನೋ ಸದ್ದು ಮಾಡಿ ಕರೆಯುತ್ತದೆ. ಅಮ್ಮ ಕದಲದಿದ್ದಾಗ ಮುಖ ಬೇರೆ ಕಡೆ ತಿರುಗಿಸಿ, ಕೊನೆಗೆ ಬಿಕ್ಕತೊಡಗುತ್ತದೆ. ಅಮ್ಮ ಮತ್ತೆ ನಕ್ಕು ಎತ್ತಿಕೊಂಡರೆ ಸ್ವಲ್ಪ ಮುನಿಸು ತೋರಿಸಿ ಮತ್ತೆ ಆಟಕ್ಕೆ ಬರುತ್ತದೆ.

ಈ ಪ್ರಯೋಗ ಎಲ್ಲರಿಗೂ ಗೊತ್ತು. ಅದೇ ಟ್ರಾನಿಕ್ ಹೇಳಿದ ಇನ್ನೊಂದು ಮಾತು ಅಷ್ಟು ಹರಡಿಲ್ಲ. ಚೆನ್ನಾಗಿಯೇ ಇರುವ ತಾಯಿ ಮಗುವಿನ ನಡುವೆ ಕೂಡ, ಇಬ್ಬರ ಮನಸ್ಸಿನ ತಾಳ ಕೂಡಿಬರುವುದು ಸುಮಾರು ಶೇ. 30ರಷ್ಟು ಹೊತ್ತು ಮಾತ್ರ ಅಂತೆ. ಉಳಿದ ಹೊತ್ತು ತಪ್ಪುತ್ತದೆ, ಮತ್ತೆ ಹೊಂದಿಸಿಕೊಳ್ಳುತ್ತಾರೆ, ಮತ್ತೆ ತಪ್ಪುತ್ತದೆ. ಹಾಗೆ ತಪ್ಪಿದ್ದು ಮತ್ತೆ ಸರಿಹೋಗುತ್ತದೆ ಅನ್ನುವ ನಂಬಿಕೆ ಮಗುವಿಗೆ ಹುಟ್ಟುವುದೇ ಈ ಓಡಾಟದಲ್ಲಿ. ಗದರಿದ ದಿನ ರಾತ್ರಿ ಮಲಗುವ ಮುಂಚೆ 'ಸಂಜೆ ನಾನು ಜೋರಾಗಿ ಕೂಗಿದೆ. ನಿನಗೆ ಹೆದರಿಕೆ ಆಗಿರಬೇಕು. ಹಾಗೆ ಕೂಗಬಾರದಿತ್ತು' ಅಂತ ಹೇಳಿದರೆ ಅಪ್ಪನ ಮರ್ಯಾದೆಗೆ ಏನೂ ಕುಂದಿಲ್ಲ. 'ಆದರೆ ನೀನೂ ಹಾಗೆ ಮಾಡಿದ್ದಕ್ಕೆ ತಾನೇ' ಅಂತ ಬಾಲ ಮಾತ್ರ ಸೇರಿಸಬಾರದು.

ಬೇರೆ ಮಕ್ಕಳ ಜೊತೆ ಬೆರೆಯುವ ವಿಷಯದಲ್ಲೂ ನಾವು ಹೀಗೇ ಮೇಲುಮೇಲೆ ನೋಡುತ್ತೇವೆ. ಯಾರದೋ ಮನೆಯಲ್ಲಿ ಮಕ್ಕಳೆಲ್ಲ ಸೇರಿರುತ್ತಾರೆ. ನಮ್ಮದು ಮಾತ್ರ ಗೋಡೆಗೆ ಒರಗಿ ನೋಡುತ್ತಾ ನಿಂತಿರುತ್ತದೆ. 'ಹೋಗು, ಆಡು, ನಾಚಿಕೆ ಯಾಕೆ?' ಅಂತ ತಳ್ಳುತ್ತೇವೆ. ಮಿಲ್ಡ್ರೆಡ್ ಪಾರ್ಟನ್ ಎಂಬಾಕೆ ಮಿನೆಸೋಟಾದ ಶಿಶುವಿಹಾರದಲ್ಲಿ ಮಕ್ಕಳ ಆಟ ಗಮನಿಸಿ 1932ರಲ್ಲಿ ಬರೆದ ಪ್ರಬಂಧದಲ್ಲಿ, ಹೀಗೆ ನಿಂತು ನೋಡುವುದಕ್ಕೂ, ಅಕ್ಕಪಕ್ಕ ಕೂತು ತಮ್ಮತಮ್ಮ ಆಟ ಆಡುವುದಕ್ಕೂ, ಮಕ್ಕಳು ಜೊತೆಗೂಡುವ ಬಗೆಗಳಲ್ಲಿ ಜಾಗ ಕೊಟ್ಟಿದ್ದಾರೆ. ಗೋಡೆಗೆ ಒರಗಿದ ಮಗು ಖಾಲಿ ಕೂತಿಲ್ಲ. ಯಾರು ತಳ್ಳುತ್ತಾರೆ, ಯಾರು ಜಾಗ ಬಿಡುತ್ತಾರೆ, ಆಟದ ನಿಯಮ ಏನು ಅಂತ ಲೆಕ್ಕ ಹಾಕುತ್ತಿದೆ. 1956ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಥಾಮಸ್ ಮತ್ತು ಚೆಸ್ ಎಂಬ ಮನೋವೈದ್ಯ ದಂಪತಿಯ ದೀರ್ಘ ಅಧ್ಯಯನದಲ್ಲಿ ಸುಮಾರು ಶೇ. 15ರಷ್ಟು ಮಕ್ಕಳು ಇಂಥವೇ, ಹೊಸದಕ್ಕೆ ನಿಧಾನವಾಗಿ ಒಗ್ಗುವವು. ಸ್ವಲ್ಪ ಮುಂಚೆ ಹೋಗಿ, ಗದ್ದಲ ಏರುವ ಮೊದಲೇ ಒಂದಿಬ್ಬರ ಪರಿಚಯ ಆಗಲು ಬಿಟ್ಟರೆ ಅರ್ಧ ಕೆಲಸ ಆದಂತೆ. ಮಗುವಿನ ಎದುರೇ 'ಇವನಿಗೆ ತುಂಬಾ ನಾಚಿಕೆ' ಅಂತ ಬೇರೆಯವರಿಗೆ ಪರಿಚಯ ಮಾಡಿಕೊಡುವುದನ್ನಂತೂ ಬಿಟ್ಟುಬಿಡಬೇಕು.

ಇನ್ನೊಂದು, 'ಸಾರಿ ಹೇಳು' ಅನ್ನುವ ಒತ್ತಾಯ. ಮೂರು ವರ್ಷದ ಮಗು ನೆಲ ನೋಡಿಕೊಂಡು ಆ ಪದ ಒಪ್ಪಿಸಿ ಓಡಿಹೋಗುತ್ತದೆ. ಇನ್ನೊಬ್ಬರ ತಲೆಯೊಳಗೆ ತನಗಿಂತ ಬೇರೆ ನಂಬಿಕೆ ಇರಬಹುದು ಅನ್ನುವುದೇ ಆ ವಯಸ್ಸಿಗೆ ಸರಿಯಾಗಿ ಹೊಳೆಯುವುದಿಲ್ಲ. 1983ರಲ್ಲಿ ವಿಮ್ಮರ್ ಮತ್ತು ಪೆರ್ನರ್ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗದಲ್ಲಿ ಒಬ್ಬ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಹೊರಗೆ ಹೋಗುತ್ತಾನೆ, ಅಮ್ಮ ಅದನ್ನು ಇನ್ನೊಂದಕ್ಕೆ ಸಾಗಿಸುತ್ತಾಳೆ. ಹುಡುಗ ಬಂದು ಎಲ್ಲಿ ಹುಡುಕುತ್ತಾನೆ? ಚಿಕ್ಕವರು ಅಮ್ಮ ಇಟ್ಟ ಜಾಗವನ್ನೇ ತೋರಿಸಿದರು. ನಾಲ್ಕು ದಾಟಿದ ಮೇಲೆ ನಿಧಾನವಾಗಿ ಸರಿ ಉತ್ತರ ಬರತೊಡಗಿತು. ಅದಕ್ಕಿಂತ ಚಿಕ್ಕವರಿಗೆ 'ನೋಡು, ಅವಳು ಅಳ್ತಿದಾಳೆ. ಕೈ ನೋವಾಯ್ತು. ಏನು ಮಾಡೋಣ?' ಅಂತ ಕೇಳಿದರೆ ಒಂದು ಆಟಿಕೆ ತಂದು ಕೊಟ್ಟಾರು, ಊದಿಯಾರು. ನನ್ನ ಲೆಕ್ಕದಲ್ಲಿ ಅದು ಆ ಪದಕ್ಕಿಂತ ದೊಡ್ಡದು.

ಮಾತು ಕೊಟ್ಟು ತಪ್ಪುವುದರ ಬಗ್ಗೆಯೂ ಹೇಳಿಬಿಡುತ್ತೇನೆ. 'ನಾಳೆ ಕರ್ಕೊಂಡು ಹೋಗ್ತೀನಿ' ಅನ್ನುವುದು ಅಳು ನಿಲ್ಲಿಸುವ ಅತಿ ಅಗ್ಗದ ದಾರಿ. ಸಿಹಿ ತಿನ್ನದೆ ಕಾದರೆ ಎರಡು ಕೊಡುತ್ತೇವೆ ಅನ್ನುವ ಹೆಸರುವಾಸಿ ಪರೀಕ್ಷೆ ಕೇಳಿರುತ್ತೀರಿ. ಕಾಯುವುದು ಮಗುವಿನ ಮನೋಬಲದ ಗುರುತು ಅಂತ ಅದನ್ನು ಹೇಳುವುದುಂಟು. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದಕ್ಕೆ ಒಂದು ತಿರುವು ಕೊಟ್ಟರು. ಮೊದಲು ಮಕ್ಕಳಿಗೆ ಚಿತ್ರ ಬಿಡಿಸಲು ಒಳ್ಳೆಯ ಬಣ್ಣ ತಂದುಕೊಡುತ್ತೇವೆ ಅಂದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು, ಉಳಿದವರಿಗೆ 'ಇಲ್ಲ, ಮುಗಿದಿದೆ' ಅಂದರು. ಆಮೇಲೆ ಸಿಹಿ ಇಟ್ಟರು. ಮಾತು ಉಳಿಸಿಕೊಂಡವರನ್ನು ನಂಬಿ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರಿಗಾಗಿ ಕಾದದ್ದು ಸರಾಸರಿ 3 ನಿಮಿಷ. 28 ಮಕ್ಕಳ ಸಣ್ಣ ಅಧ್ಯಯನ ಅದು, ಆದರೂ ಆ ಅಂತರ ನೋಡಿ. ಕಾಯದ ಮಗುವಿಗೆ ತಾಳ್ಮೆ ಇಲ್ಲ ಅನ್ನುವ ಮೊದಲು, ಕಾದದ್ದಕ್ಕೆ ಅದಕ್ಕೆ ಹಿಂದೆ ಏನು ಸಿಕ್ಕಿತ್ತು ಅಂತ ಕೇಳಬೇಕಲ್ಲವೇ?

ದೊಡ್ಡ ಮಕ್ಕಳ ಕಥೆ ಬೇರೆ. ಅವು ಅಳುವುದನ್ನು ಬಿಟ್ಟಿರುತ್ತವೆ. 'ಇವತ್ತು ಸ್ಕೂಲಲ್ಲಿ ಏನಾಯ್ತು?' ಅಂದರೆ 'ಏನಿಲ್ಲ' ಅನ್ನುವಲ್ಲಿಗೆ ಮುಗಿಯಿತು. ಎದುರು ಕೂರಿಸಿಕೊಂಡು ಕೇಳಿದರೆ ಅವಕ್ಕೆ ವಿಚಾರಣೆ ಅನ್ನಿಸುತ್ತದೆ. ಕೈಗೆ ಏನೋ ಕೆಲಸ ಇದ್ದು, ಕಣ್ಣಲ್ಲಿ ಕಣ್ಣಿಡುವ ಅಗತ್ಯ ಇಲ್ಲದಾಗ ಮಾತು ತಾನಾಗಿ ಬರುತ್ತದೆ. ಈಗ ಬೆಳೆದಿರುವ ನನ್ನ ಮಗಳು ಒಂದು ದಿನ ಬಟ್ಟೆ ಮಡಚುತ್ತಾ, ಕಾಲುಚೀಲದ ಜೋಡಿ ಹುಡುಕುತ್ತಾ, 'ಅಮ್ಮಾ, ಅವರು ಮೂರೂ ಜನ ಈಗ ನಾನು ಹೋದ್ರೆ ಮಾತು ನಿಲ್ಲಿಸ್ತಾರೆ' ಅಂದಳು. ನನ್ನ ಎದೆ ಧಸಕ್ಕೆಂದಿತು. ಆ ಹುಡುಗಿಯರ ಮನೆಗೆ ಫೋನ್ ಮಾಡಲಾ, ಟೀಚರಿಗೆ ಹೇಳಲಾ ಅಂತೆಲ್ಲ ಹೊಳೆಯಿತು. 'ನಾನು ಸುಮ್ನೆ ಕೇಳಿಸ್ಕೊಳ್ಳಲಾ, ಇಲ್ಲಾ ಏನಾದ್ರೂ ಮಾಡಬೇಕಾ?' ಅಂತ ಕೇಳಿದೆ. 'ಕೇಳಿಸ್ಕೋ ಸಾಕು' ಅಂದಳು. ಬಟ್ಟೆ ಮುಗಿದ ಮೇಲೂ ಮಾತು ಮುಗಿಯಲಿಲ್ಲ.

ಅವಳು ಹೇಳಿದಳು, ಹಾಗಾಗಿ ನನಗೆ ಗೊತ್ತಾಯಿತು. ಹೇಳದ ಮಕ್ಕಳ ಬಗ್ಗೆ ನನಗೆ ಚಿಂತೆ ಜಾಸ್ತಿ. ರಂಪ ಮಾಡುವ ಮಗುವನ್ನು ಮನೆಯವರೆಲ್ಲ ಗಮನಿಸುತ್ತಾರೆ. ಅದರಲ್ಲೂ ಅಣ್ಣನೋ ತಂಗಿಯೋ ಕಾಯಿಲೆ ಬಿದ್ದಿದ್ದರೆ, ಮನೆಯಲ್ಲಿ ಜಗಳ ನಡೆಯುತ್ತಿದ್ದರೆ, ಕೆಲವು ಮಕ್ಕಳು ತಮ್ಮಿಂದ ಯಾರಿಗೂ ಹೊರೆ ಆಗಬಾರದು ಅಂತ ತಾವೇ ತೀರ್ಮಾನಿಸಿಬಿಡುತ್ತವೆ. ಅಂಥ ಮಗುವಿನ ಜೊತೆ ದಿನಕ್ಕೆ ಸ್ವಲ್ಪ ಹೊತ್ತಾದರೂ, ಫೋನ್ ಬೇರೆ ಕೋಣೆಯಲ್ಲಿಟ್ಟು, ಅದು ಆರಿಸಿದ ಆಟವನ್ನು ಅದು ಹೇಳಿದ ಹಾಗೆ ಆಡಿ. ಪಾಠ ಬೇಡ, ತಿದ್ದುವುದು ಬೇಡ. ಆಟದ ನಡುವೆ ಗೊಂಬೆಯ ಬಾಯಲ್ಲಿ ಬರುವ ಮಾತನ್ನು ಕಿವಿಗೊಟ್ಟು ಕೇಳಿ.

ಇಷ್ಟವಾಗಿದ್ದ ಆಟ ಬೇಡವಾಗುವುದು, ನಿದ್ದೆ ಕೆಡುವುದು, ನಿಂತಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗುವುದು, ಶಾಲೆಯ ದಿನ ಬೆಳಗ್ಗೆ ಮಾತ್ರ ಹೊಟ್ಟೆನೋವು ಬರುವುದು, ಇಂಥದ್ದು ಎರಡು ವಾರ ದಾಟಿದರೆ ಮಕ್ಕಳ ವೈದ್ಯರಿಗೆ ತೋರಿಸಿ, ಅವರು ಹೇಳಿದರೆ ಮಕ್ಕಳ ಆಪ್ತಸಮಾಲೋಚಕರನ್ನೂ ನೋಡಿ. ಮಗು ತನ್ನನ್ನು ತಾನು ನೋಯಿಸಿಕೊಳ್ಳುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಅಂಥ ತುರ್ತು ಇಲ್ಲದಿದ್ದರೆ, ಹೋಗುವ ಮುಂಚೆ ಶಾಲೆಯ ಟೀಚರನ್ನು ಒಮ್ಮೆ ಕೇಳಿ: ವಿರಾಮದ ಹೊತ್ತಿನಲ್ಲಿ ಮಗು ಎಲ್ಲಿರುತ್ತದೆ, ಯಾರ ಜೊತೆ ಇರುತ್ತದೆ ಅಂತ. ಬದಲಾವಣೆ ಯಾವಾಗಿನಿಂದ ಕಂಡಿತು ಅನ್ನುವುದನ್ನು ಬರೆದುಕೊಂಡು ಹೋದರೆ ವೈದ್ಯರಿಗೆ ಬಹಳ ಅನುಕೂಲ.